ಪ್ಲಾಂಕ್ ಸ್ಥಿರಾಂಕ ಯಾಕೆ ತಪ್ಪು ಬರ್ತಿದೆ? ಫೋಟೋಸೆಲ್ ಪ್ರಯೋಗದಲ್ಲಿ ದೋಷ ಹುಡುಕುವ ದಾರಿ

ಫೋಟೋಸೆಲ್ ಕಿಟ್ಟಿನ ಮುಂದೆ ಕೂತ ಬಿಎಸ್ಸಿ ವಿದ್ಯಾರ್ಥಿಗಳಿಗೆ ಈ ಕಷ್ಟ ಗೊತ್ತಿರುತ್ತದೆ. ಒಂದೊಂದೇ ಬಣ್ಣದ ಫಿಲ್ಟರ್ ಹಾಕಿ, ಕರೆಂಟ್ ಸೊನ್ನೆಯಾಗುವ ವೋಲ್ಟೇಜ್ ಬರೆದುಕೊಂಡು, ಬೆಳಕಿನ ಆವೃತ್ತಿಯ ಎದುರು ಆ ವೋಲ್ಟೇಜಿನ ಗ್ರಾಫ್ ಎಳೆದು, ಗೆರೆಯ ಸ್ಲೋಪನ್ನು (ಇಳಿಜಾರನ್ನು) ಎಲೆಕ್ಟ್ರಾನ್ ಚಾರ್ಜಿನಿಂದ ಗುಣಿಸಿದರೆ ಪ್ಲಾಂಕ್ ಸ್ಥಿರಾಂಕ, ಅಂದರೆ 6.63 × 10⁻³⁴ ಜೂಲ್ ಸೆಕೆಂಡ್ ಬರಬೇಕು. ಬರುವುದು 4.7, 5.3, ಒಮ್ಮೊಮ್ಮೆ 8. ಆಗ ಲ್ಯಾಬಿನಲ್ಲಿ ಎರಡು ಮಾತು ಕೇಳಿಬರುತ್ತವೆ. "ಸರ್, ಕಿಟ್ಟೇ ಸರಿ ಇಲ್ಲ" ಅನ್ನೋದು ಒಂದು. "ಹೋದ ವರ್ಷದ ರೆಕಾರ್ಡ್ ಇದ್ರೆ ಕೊಡೋ" ಅನ್ನೋದು ಇನ್ನೊಂದು. ಎರಡರಿಂದಲೂ ದೋಷ ಸಿಗಲ್ಲ.

ತಪ್ಪು ಉತ್ತರ ಬಂದರೆ ಬೇಜಾರಾಗಬೇಕಿಲ್ಲ. ಅದು ಯಾವ ರೀತಿಯಲ್ಲಿ ತಪ್ಪಿದೆ ಅನ್ನೋದರಲ್ಲೇ ಬಹಳ ಮಾಹಿತಿ ಇರುತ್ತದೆ. ಎಲೆಕ್ಟ್ರಾನ್ ಹೊರಟಲ್ಲಿಂದ ನಿಂತಲ್ಲಿವರೆಗೆ ಅದರ ಶಕ್ತಿಯ ಲೆಕ್ಕವನ್ನು ಸಾಲು ಸಾಲಾಗಿ ಬರೆದಿಟ್ಟುಕೊಳ್ಳಿ. ಪ್ರತಿ ದೋಷವೂ ಆ ಲೆಕ್ಕದ ಯಾವುದೋ ಒಂದು ಸಾಲನ್ನು ಕೆಡಿಸಿರುತ್ತದೆ. ಯಾವ ಸಾಲು ಅಂತ ಗೊತ್ತಾದರೆ ಸ್ಕ್ರೂಡ್ರೈವರ್ ಎಲ್ಲಿ ಹಾಕಬೇಕು, ಬಟ್ಟೆ ಎಲ್ಲಿ ಮುಚ್ಚಬೇಕು ಅನ್ನೋದೂ ಗೊತ್ತಾಗುತ್ತದೆ.

ಎಲೆಕ್ಟ್ರಾನಿನ ಜಮಾ-ಖರ್ಚು

ಬೆಳಕಿನ ಒಂದು ಫೋಟಾನ್ (ಬೆಳಕಿನ ಶಕ್ತಿಯ ಒಂದು ಪೊಟ್ಟಣ) ಕ್ಯಾಥೋಡಿಗೆ, ಅಂದರೆ ಟ್ಯೂಬಿನೊಳಗೆ ಎಲೆಕ್ಟ್ರಾನ್ ಬಿಡುವ ಮೇಲ್ಮೈಗೆ ಬಡಿಯುತ್ತದೆ. ಅದರ ಶಕ್ತಿಯೆಲ್ಲ (ಪ್ಲಾಂಕ್ ಸ್ಥಿರಾಂಕ × ಆವೃತ್ತಿ) ಒಂದು ಎಲೆಕ್ಟ್ರಾನಿಗೆ ಸೇರುತ್ತದೆ. ಲೋಹದಿಂದ ಹೊರಬರಲು ಎಲೆಕ್ಟ್ರಾನ್ ಕನಿಷ್ಠ ಇಷ್ಟು ಅಂತ ಖರ್ಚು ಮಾಡಲೇಬೇಕು. ಅದೇ ವರ್ಕ್ ಫಂಕ್ಷನ್. ಉಳಿದದ್ದು ಚಲನಶಕ್ತಿ.

ಈಗ ಅನೋಡನ್ನು, ಅಂದರೆ ಎದುರಿಗಿದ್ದು ಎಲೆಕ್ಟ್ರಾನ್ ಹಿಡಿಯುವ ತಂತಿಯನ್ನು, ಕ್ಯಾಥೋಡಿಗಿಂತ ನೆಗೆಟಿವ್ ಮಾಡುತ್ತೇವೆ. ಎಲೆಕ್ಟ್ರಾನಿನ ಚಾರ್ಜೂ ನೆಗೆಟಿವ್. ಅನೋಡಿನ ಕಡೆ ಹೋದಂತೆ ಅದರ ಪ್ರಚ್ಛನ್ನ ಶಕ್ತಿ ಏರುತ್ತದೆ, ಚಲನಶಕ್ತಿ ಅಷ್ಟೇ ಇಳಿಯುತ್ತದೆ. ಒಂದು ವೋಲ್ಟ್ ಏರಿದರೆ ಒಂದು ಎಲೆಕ್ಟ್ರಾನ್ ವೋಲ್ಟ್ ಖರ್ಚು. ನಡುದಾರಿಯಲ್ಲಿ ಫೀಲ್ಡ್ ಹೇಗಿದೆ, ದಾರಿ ನೇರವೋ ಸೊಟ್ಟವೋ, ಎಷ್ಟು ಹೊತ್ತು ಹಿಡಿಯಿತು, ಇದ್ಯಾವುದೂ ಈ ಲೆಕ್ಕಕ್ಕೆ ಬೇಕಿಲ್ಲ. ಹೊರಟ ಜಾಗ, ತಲುಪಿದ ಜಾಗ, ಎರಡರ ನಡುವಿನ ವೋಲ್ಟೇಜ್ ಅಷ್ಟೇ ಸಾಕು. ಟ್ಯೂಬಿನ ಒಳಗಿನ ಆಕಾರ ಗೊತ್ತಿಲ್ಲದೆಯೂ ಈ ಪ್ರಯೋಗ ಮಾಡಲು ಸಾಧ್ಯವಾಗೋದು ಇದರಿಂದಲೇ.

ಅತಿ ವೇಗದ ಎಲೆಕ್ಟ್ರಾನ್ ಕೂಡ ಅನೋಡಿನ ಬಾಗಿಲಲ್ಲೇ ನಿಂತು ವಾಪಸ್ ಹೋಗುವಂತೆ ಮಾಡುವ ವೋಲ್ಟೇಜೇ ಸ್ಟಾಪಿಂಗ್ ವೋಲ್ಟೇಜ್. ಅಲ್ಲಿಗೆ ಲೆಕ್ಕ ಹೀಗೆ:

ಎಲೆಕ್ಟ್ರಾನ್ ಚಾರ್ಜ್ × ಸ್ಟಾಪಿಂಗ್ ವೋಲ್ಟೇಜ್ = ಪ್ಲಾಂಕ್ ಸ್ಥಿರಾಂಕ × ಆವೃತ್ತಿ − ವರ್ಕ್ ಫಂಕ್ಷನ್

ವರ್ಕ್ ಫಂಕ್ಷನ್ ಅಂದಾಗ ಯಾವ ಲೋಹದ್ದು ಅಂತ ಸದ್ಯಕ್ಕೆ ಹೇಳಿಲ್ಲ, ಗಮನಿಸಿ. ಬೇಕಂತಲೇ ಬಿಟ್ಟಿದ್ದೇನೆ. ಬಹುತೇಕ ರೆಕಾರ್ಡ್ ಬುಕ್ಕುಗಳು ಎಡವುವುದು ಅಲ್ಲೇ.

ಕರೆಂಟ್ ಮಾತ್ರ ಥಟ್ಟನೆ ಸೊನ್ನೆಗೆ ಬೀಳುವುದಿಲ್ಲ. ನಿಧಾನವಾಗಿ ಬಾಗಿ ಇಳಿಯುತ್ತದೆ. ಇದು ದೋಷವಲ್ಲ. ಲೋಹದ ಆಳದಿಂದ ಬಂದ ಎಲೆಕ್ಟ್ರಾನುಗಳು ದಾರಿಯಲ್ಲಿ ಒಂದಿಷ್ಟು ಶಕ್ತಿ ಕಳೆದುಕೊಂಡೇ ಬಂದಿರುತ್ತವೆ. ಅವು ಮೊದಲೇ ನಿಲ್ಲುತ್ತವೆ. ಇನ್ನು ಕೆಲವು ಓರೆಯಾಗಿ ಹೊರಟಿರುತ್ತವೆ. ಅಡ್ಡ ದಿಕ್ಕಿನ ವೇಗ ಅನೋಡ್ ಮುಟ್ಟೋಕೆ ನೆರವಾಗಲ್ಲ. ಹೀಗಾಗಿ ನಮಗೆ ಬೇಕಾದ ಗರಿಷ್ಠ ಶಕ್ತಿ ಆ ಬಾಲದ ಕಟ್ಟಕಡೆಯಲ್ಲಿ ಅಡಗಿರುತ್ತದೆ. ಅಲ್ಲಿ ಕರೆಂಟ್ ತೀರಾ ಸಣ್ಣದು. ಸಣ್ಣಪುಟ್ಟ ದೋಷಗಳು ಇಷ್ಟು ದೊಡ್ಡ ತೊಂದರೆ ಕೊಡೋದೂ ಅದಕ್ಕೇ.

ಮೊದಲು ಕಾಗದದ ಮೇಲೆ ನೋಡಿ

ನಮ್ಮ ಕಾಲೇಜುಗಳ ಎಷ್ಟೋ ಕಿಟ್ಟುಗಳಲ್ಲಿ 635, 570, 540, 500, 460 ನ್ಯಾನೋಮೀಟರಿನ ಫಿಲ್ಟರ್‌ಗಳಿರುತ್ತವೆ. ನಿಮ್ಮಲ್ಲಿ ಬೇರೆ ಇದ್ದರೂ ದಾರಿ ಇದೇ. 1240 ಅನ್ನು ನ್ಯಾನೋಮೀಟರ್ ಲೆಕ್ಕದ ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. ಮೇಲಿನ ಐದಕ್ಕೆ ಕ್ರಮವಾಗಿ 1.95, 2.18, 2.30, 2.48, 2.70.

ವರ್ಕ್ ಫಂಕ್ಷನ್ ಎಷ್ಟೇ ಇರಲಿ, ಎಲ್ಲ ಫಿಲ್ಟರಿಗೂ ಒಂದೇ. ಹಾಗಾಗಿ ಎರಡು ಫಿಲ್ಟರ್‌ಗಳ ಸ್ಟಾಪಿಂಗ್ ವೋಲ್ಟೇಜಿನ ವ್ಯತ್ಯಾಸಕ್ಕೆ ಟ್ಯೂಬಿನ ಹಂಗೇ ಇಲ್ಲ. ಅದು ಫೋಟಾನ್ ಶಕ್ತಿಗಳ ವ್ಯತ್ಯಾಸ, ಅಷ್ಟೇ. ಕೆಂಪಿನಿಂದ ನೀಲಿಗೆ ಹೋಗುವಾಗ ಒಂದೊಂದು ಹೆಜ್ಜೆಗೆ ಬರಬೇಕಾದದ್ದು ಹೀಗೆ: 0.22, 0.12, 0.18, 0.22 ವೋಲ್ಟ್. ಒಟ್ಟು 0.74.

ಈ ನಾಲ್ಕು ಸಂಖ್ಯೆಗಳನ್ನು ಕಿಟ್ಟಿನ ಮುಚ್ಚಳದ ಮೇಲೆ ಅಂಟಿಸಿಟ್ಟರೂ ತಪ್ಪಿಲ್ಲ. ಗ್ರಾಫ್ ಶೀಟ್ ತೆಗೆಯುವ ಮೊದಲೇ ರೀಡಿಂಗುಗಳನ್ನು ಇದರ ಜೊತೆ ತಾಳೆ ನೋಡಿ. ಗ್ರಾಫಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದುಬಿಟ್ಟರೆ ಯಾವ ಬಿಂದು ಕೆಟ್ಟಿದೆ ಅನ್ನೋದು ಗೆರೆಯಲ್ಲಿ ಮುಚ್ಚಿಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಕೆಂಪಿನಿಂದ ನೀಲಿಯವರೆಗೆ 0.46, 0.52, 0.61, 0.78, 0.99 ವೋಲ್ಟ್ ಬಂದಿದೆ ಅನ್ನಿ. ತುದಿಯಿಂದ ತುದಿಗೆ 0.53 ಮಾತ್ರ. ಆ ಎರಡು ಬಿಂದುಗಳಿಂದ ಲೆಕ್ಕ ಹಾಕಿದರೆ ಪ್ಲಾಂಕ್ ಸ್ಥಿರಾಂಕ ಸುಮಾರು 4.7 × 10⁻³⁴. "ಕಿಟ್ಟು ಸರಿ ಇಲ್ಲ" ಅಂತ ಇಲ್ಲೇ ಬಿಟ್ಟುಬಿಡಬಹುದು. ಆದರೆ ಹೆಜ್ಜೆಗಳನ್ನು ನೋಡಿ: 0.06, 0.09, 0.17, 0.21. ನೀಲಿ ಕಡೆಯ ಎರಡು ಹೆಜ್ಜೆ ಚೆನ್ನಾಗೇ ಇವೆ. ಮೊದಲ ಹೆಜ್ಜೆ 0.22 ಇರಬೇಕಾದಲ್ಲಿ 0.06. ಅಂದರೆ ಕಿಟ್ಟು ನೀಲಿ ಬಣ್ಣಕ್ಕೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಕೆಂಪು ಮತ್ತು ಅದರ ಪಕ್ಕದ ರೀಡಿಂಗ್ ಮಾತ್ರ ಮೇಲಕ್ಕೆ ಎದ್ದಿವೆ. ಇನ್ನು ಹುಡುಕಬೇಕಾದದ್ದು, ಕೆಂಪು ಫಿಲ್ಟರ್ ಹಾಕಿದಾಗ ಎಲೆಕ್ಟ್ರಾನುಗಳಿಗೆ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು ಅನ್ನೋದು.

ಇದೇ ರೀತಿ ಬೇರೆ ಚಹರೆಗಳೂ ಇವೆ. ಎಲ್ಲ ರೀಡಿಂಗೂ ಒಂದೇ ಸಮ ಏರಿದ್ದರೆ ಅಥವಾ ಇಳಿದಿದ್ದರೆ ಹೆಜ್ಜೆಗಳು ಸರಿಯಾಗೇ ಇರುತ್ತವೆ, ಸ್ಲೋಪ್ ಕೆಡಲ್ಲ, ಇಂಟರ್‌ಸೆಪ್ಟ್ (ಗೆರೆ ವೋಲ್ಟೇಜ್ ಅಕ್ಷವನ್ನು ಕತ್ತರಿಸುವ ಜಾಗ) ಮಾತ್ರ ಜರುಗುತ್ತದೆ. ವೋಲ್ಟ್‌ಮೀಟರ್ ಸೊನ್ನೆಯಲ್ಲಿ ನಿಲ್ಲದೆ 0.05 ತೋರಿಸುತ್ತಿದ್ದರೆ ಹೀಗಾಗುತ್ತದೆ. ಎಲ್ಲ ಹೆಜ್ಜೆಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ವೋಲ್ಟ್‌ಮೀಟರಿನ ಸ್ಕೇಲೇ ತಪ್ಪಿರಬಹುದು. ಇನ್ನೊಂದು ಒಳ್ಳೆಯ ಮಲ್ಟಿಮೀಟರನ್ನು ಜೊತೆಗೆ ಹಚ್ಚಿ ನೋಡಿದರೆ ಒಂದೇ ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ಒಂದೇ ಒಂದು ಬಿಂದು ಹುಚ್ಚುಹುಚ್ಚಾಗಿದ್ದರೆ ಆ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಹೆಸರಿನ ಚೀಟಿ ಅದಲುಬದಲಾಗಿರುವುದು, ಮೂಲೆಯಲ್ಲಿ ಬಿರುಕು ಬಿಟ್ಟಿರುವುದು ಅಪರೂಪವಲ್ಲ.

ದೀಪ ಮುಚ್ಚಿ, ಮೀಟರ್ ನೋಡಿ

ಬೆಳಕಿಲ್ಲದಿದ್ದರೆ ಜಮೆಯೇ ಇಲ್ಲ. ಜಮೆ ಇಲ್ಲದೆ ಖರ್ಚು ಕಾಣಿಸುತ್ತಿದ್ದರೆ ಆ ಕರೆಂಟ್ ಫೋಟೋಎಲೆಕ್ಟ್ರಾನುಗಳದ್ದಲ್ಲ. ಹಾಗಾಗಿ ಮೊದಲ ಪರೀಕ್ಷೆ ಕತ್ತಲೆಯದು. ಯಂತ್ರ ಆನ್ ಮಾಡಿ ಸುಮಾರು ಕಾಲು ಗಂಟೆ ಬಿಡಿ. ಇಷ್ಟು ಸಣ್ಣ ಕರೆಂಟ್ ಅಳೆಯುವ ಆಂಪ್ಲಿಫೈಯರ್ ಬಿಸಿಯಾಗುವಾಗ ಸೊನ್ನೆ ಜರುಗುತ್ತಾ ಇರುತ್ತದೆ. ಆಮೇಲೆ ಟ್ಯೂಬಿನ ಕಿಂಡಿಗೆ ಮುಚ್ಚಳ ಹಾಕಿ, ವೋಲ್ಟೇಜನ್ನು ಸೊನ್ನೆಯಿಂದ ಮೈನಸ್ 2 ವೋಲ್ಟ್ ತನಕ ನಿಧಾನವಾಗಿ ತಿರುಗಿಸಿ.

ಕರೆಂಟ್ ಸೊನ್ನೆಯಲ್ಲೇ ಇದ್ದರೆ ಮುಂದಕ್ಕೆ ಹೋಗಿ. ವೋಲ್ಟೇಜ್ ಎಷ್ಟಾದರೂ ಒಂದೇ ಸಂಖ್ಯೆ ತೋರಿಸುತ್ತಿದ್ದರೆ ಆಂಪ್ಲಿಫೈಯರಿನ ಝೀರೋ ಸೆಟ್ ಆಗಿಲ್ಲ. ಗುಂಡಿ ತಿರುಗಿಸಿ ಸರಿಮಾಡಿ. ಇದನ್ನು ಹಾಗೇ ಬಿಟ್ಟರೆ ಯಾವ ಫಿಲ್ಟರಿನ ಕರೆಂಟ್ ಕಮ್ಮಿಯೋ ಅದರ ರೀಡಿಂಗ್ ಜಾಸ್ತಿ ಕೆಡುತ್ತದೆ. ಸಾಮಾನ್ಯವಾಗಿ ಅದು ಕೆಂಪು. ಸೊನ್ನೆ ನೆಗೆಟಿವ್ ಕಡೆಗೆ ಜರುಗಿದ್ದರೆ ಕೆಂಪಿನ ಸ್ಟಾಪಿಂಗ್ ವೋಲ್ಟೇಜ್ ಬಹಳ ಇಳಿದು, ನೀಲಿಯದು ಅಷ್ಟಾಗಿ ಇಳಿಯದೆ, ಸ್ಲೋಪ್ ಕಡಿದಾಗುತ್ತದೆ. 7.5, 8 ಅಂತ ಉತ್ತರ ಬಂದಾಗ ನಾನು ಮೊದಲು ಕೈ ಹಾಕೋದು ಈ ಗುಂಡಿಗೆ.

ವೋಲ್ಟೇಜ್ ಏರಿದಷ್ಟೂ ಕರೆಂಟೂ ನೆಗೆಟಿವ್ ಕಡೆಗೆ ಅದೇ ಪ್ರಮಾಣದಲ್ಲಿ ಏರಿದರೆ, ಮೈನಸ್ 1 ವೋಲ್ಟಿಗೆ 0.2 ನ್ಯಾನೋಆಂಪಿಯರ್, ಮೈನಸ್ 2 ವೋಲ್ಟಿಗೆ 0.4 ಅಂತ, ಅದು ಸೋರಿಕೆ. ಓಮನ ನಿಯಮದಂತೆ ನಡೆದುಕೊಳ್ಳುವ ಎಲೆಕ್ಟ್ರಾನ್ ನಿರ್ವಾತದಲ್ಲಿ ಹಾರಿ ಬಂದದ್ದಲ್ಲ, ಯಾವುದೋ ಮೇಲ್ಮೈ ಮೇಲೆ ತೆವಳಿಕೊಂಡು ಬಂದದ್ದು. ಈ ಲೆಕ್ಕಕ್ಕೆ ರೋಧ 500 ಕೋಟಿ ಓಮ್. ಕೇಳೋಕೆ ದೊಡ್ಡದು, ಆದರೆ ನ್ಯಾನೋಆಂಪಿಯರ್ ಅಳೆಯುವಾಗ ಅದು ಸಾಲದು. ಟ್ಯೂಬಿನ ಬುಡದ ಗಾಜು, ಸಾಕೆಟ್, ಕೇಬಲ್ಲಿನ ತುದಿ, ಈ ಮೂರನ್ನು ನೋಡಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಇದು ಜಾಸ್ತಿ. ಧೂಳಿನ ಮೇಲೆ ತೇವ ಕೂತರೆ ಕರೆಂಟಿಗೆ ದಾರಿ ಸಿಕ್ಕಿತು ಅಂತಲೇ ಲೆಕ್ಕ. ಸ್ವಿಚ್ ಆಫ್ ಮಾಡಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಬೆರಳು ತಾಗಿಸಬೇಡಿ, ಬೆವರು ಸಾಕು ಮತ್ತೆ ಸೋರೋಕೆ.

ಕೊನೆಗೆ ಮುಚ್ಚಳ ತೆಗೆದು, ದೀಪ ಮಾತ್ರ ಆರಿಸಿ ನೋಡಿ. ಈಗ ಕರೆಂಟ್ ಕಾಣಿಸಿದರೆ ಕೋಣೆಯ ಬೆಳಕು ಒಳಗೆ ಬರುತ್ತಿದೆ.

ಕೆಂಪು ತುದಿ ಎದ್ದಿದ್ದರೆ

ಮೇಲಿನ ಉದಾಹರಣೆಗೆ ವಾಪಸ್ ಬರೋಣ. ಕೆಂಪು ಫೋಟಾನಿನ ಶಕ್ತಿ 1.95 ಎಲೆಕ್ಟ್ರಾನ್ ವೋಲ್ಟ್. ಟ್ಯೂಬ್‌ಲೈಟಿನಲ್ಲಿ ಪಾದರಸದ 436 ನ್ಯಾನೋಮೀಟರಿನ ಗೆರೆ (ಒಂದೇ ತರಂಗಾಂತರದ ಬೆಳಕು) ಇದೆ, ಅದರ ಫೋಟಾನ್ 2.84. ಈಗಿನ ಬಿಳಿ ಎಲ್‌ಇಡಿ ಬಲ್ಬಿನಲ್ಲೂ 450ರ ಆಸುಪಾಸು ಗಟ್ಟಿ ನೀಲಿ ಇದೆ, ಸುಮಾರು 2.75. ಫಿಲ್ಟರಿನ ಪಕ್ಕದ ಸಂದಿಯಿಂದ ಇಂಥ ಒಂದಿಷ್ಟು ಬೆಳಕು ನುಗ್ಗಿದರೂ ಸಾಕು. ಆ ಫೋಟಾನಿನಿಂದ ಹೊರಟ ಎಲೆಕ್ಟ್ರಾನಿಗೆ ಕೆಂಪಿನದಕ್ಕಿಂತ 0.8ರಿಂದ 0.9 ಎಲೆಕ್ಟ್ರಾನ್ ವೋಲ್ಟ್ ಜಾಸ್ತಿ ಶಕ್ತಿ. ಕೆಂಪಿನ ಎಲೆಕ್ಟ್ರಾನುಗಳೆಲ್ಲ ನಿಂತ ಮೇಲೂ ಇವು ಅನೋಡಿಗೆ ಬರುತ್ತಲೇ ಇರುತ್ತವೆ. ಸೊನ್ನೆ ಹುಡುಕುತ್ತಾ ನೀವು ವೋಲ್ಟೇಜ್ ಏರಿಸುತ್ತಲೇ ಹೋಗುತ್ತೀರಿ.

ನೀಲಿ ಫಿಲ್ಟರಿನಲ್ಲಿ ಯಾಕೆ ಇದು ಗೊತ್ತಾಗಲ್ಲ? ಅಲ್ಲಿ ನಿಜವಾದ ಎಲೆಕ್ಟ್ರಾನುಗಳಿಗೂ ಹತ್ತಿರ ಹತ್ತಿರ ಅಷ್ಟೇ ಶಕ್ತಿ ಇದೆ, ಕರೆಂಟೂ ದೊಡ್ಡದು. ಕಳ್ಳಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಆಂಟಿಮನಿ–ಸೀಸಿಯಂ ಕ್ಯಾಥೋಡಿನ ಟ್ಯೂಬುಗಳಿಗೆ ಕೆಂಪು ಬೆಳಕಿನಲ್ಲಿ ಮೊದಲೇ ಶಕ್ತಿ ಸಾಲದು, ಕರೆಂಟ್ ತೀರಾ ಕಮ್ಮಿ. ಪೆಟ್ಟು ಬೀಳೋದು ಅದಕ್ಕೇ.

ಪರಿಹಾರ ಸುಲಭ. ಲೈಟ್ ಆರಿಸಿ, ಕಿಟಕಿ ಮುಚ್ಚಿ, ದೀಪ ಮತ್ತು ಟ್ಯೂಬಿನ ನಡುವೆ ಕಪ್ಪು ಬಟ್ಟೆ ಹೊದಿಸಿ. ರೀಡಿಂಗ್ ಬರೆದುಕೊಳ್ಳೋಕೆ ಮೊಬೈಲ್ ಟಾರ್ಚ್ ಹಾಕುವವರಿದ್ದಾರೆ. ಅದೂ ಬಿಳಿ ಎಲ್‌ಇಡಿಯೇ ಅಲ್ವಾ! ಬಟ್ಟೆ ಹೊದಿಸಿದ ಮೇಲೆ ಮೊದಲ ಹೆಜ್ಜೆ 0.06ರಿಂದ 0.2ರ ಹತ್ತಿರ ಬಂದರೆ ದೋಷ ಸಿಕ್ಕಿತು. ಬರದಿದ್ದರೆ ಫಿಲ್ಟರಿನದೇ ತಪ್ಪು, ಅದು ಸ್ವಲ್ಪ ನೀಲಿಯನ್ನೂ ಬಿಡುತ್ತಿದೆ. ಇದನ್ನು ಪತ್ತೆ ಹಚ್ಚೋಕೆ ಕೆಂಪು ಫಿಲ್ಟರ್ ಇರುವಾಗಲೇ ಅದರ ಹಿಂದೆ ನೀಲಿ ಫಿಲ್ಟರನ್ನೂ ಸೇರಿಸಿ. ನಿಮ್ಮ ನೀಲಿ ಫಿಲ್ಟರ್ ನೀಲಿಯನ್ನಷ್ಟೇ ಬಿಡುವ ಜಾತಿಯದಾಗಿದ್ದರೆ ಎರಡೂ ಸೇರಿ ಬೆಳಕನ್ನು ಪೂರ್ತಿ ತಡೆಯಬೇಕು. ಕರೆಂಟ್ ಉಳಿದರೆ ಸೋರುತ್ತಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಕಿಟ್ಟುಗಳ ಗಾಜಿನ ಫಿಲ್ಟರ್ ಒಂದು ತರಂಗಾಂತರಕ್ಕಿಂತ ಉದ್ದದ್ದನ್ನೆಲ್ಲ ಬಿಡುತ್ತದೆ, ಗಿಡ್ಡದ್ದನ್ನು ತಡೆಯುತ್ತದೆ. ಮೇಲೆ ಬರೆದಿರುವ ಸಂಖ್ಯೆ ಆ ಅಂಚಿನದು. ಈ ಪ್ರಯೋಗಕ್ಕೆ ಅದು ಸರಿಯೇ. ಸ್ಟಾಪಿಂಗ್ ವೋಲ್ಟೇಜ್ ತೀರ್ಮಾನವಾಗೋದು ಒಳಬಂದ ಫೋಟಾನುಗಳಲ್ಲಿ ಅತಿ ಹೆಚ್ಚು ಶಕ್ತಿಯದರಿಂದ, ಸರಾಸರಿಯಿಂದ ಅಲ್ಲ. ಅದೇ ಒಂದು ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್ ಆಗಿದ್ದು, ಪಟ್ಟಿ ಅಗಲವಾಗಿದ್ದು, ಮಧ್ಯದ ಸಂಖ್ಯೆ ಬರೆದಿದ್ದರೆ ಫೋಟಾನ್ ಶಕ್ತಿಯನ್ನು ನೀವು ಕಮ್ಮಿ ಹಿಡಿದಂತಾಗುತ್ತದೆ.

ನೀಲಿ ತುದಿ ಕುಗ್ಗಿದ್ದರೆ

ಇದು ಹಟಮಾರಿ ದೋಷ. ಹೆಜ್ಜೆಗಳು 0.20, 0.10, 0.13, 0.13 ಅಂತ, ಬರಬೇಕಾದದ್ದಕ್ಕೆ ಹೋಲಿಸಿದರೆ ನೀಲಿ ಕಡೆ ಸಣ್ಣದಾಗುತ್ತಾ ಹೋಗುತ್ತವೆ. ವೋಲ್ಟೇಜ್ ಇನ್ನೂ ಏರಿಸಿದರೆ ಕರೆಂಟ್ ಸೊನ್ನೆಯಲ್ಲಿ ನಿಲ್ಲದೆ ನೆಗೆಟಿವ್ ಆಗುತ್ತದೆ, ಆಮೇಲೆ ಒಂದು ಮಟ್ಟದಲ್ಲಿ ಚಪ್ಪಟೆಯಾಗಿ ಉಳಿಯುತ್ತದೆ. ಕತ್ತಲೆ ಪರೀಕ್ಷೆಯಲ್ಲಿ ಮಾತ್ರ ಎಲ್ಲ ಸರಿಯಿತ್ತು.

ಕತ್ತಲೆಯಲ್ಲಿ ಇಲ್ಲದ್ದು ಬೆಳಕಿನಲ್ಲಿ ಬಂತು ಅಂದರೆ ಇದೂ ಫೋಟೋಎಲೆಕ್ಟ್ರಾನುಗಳದ್ದೇ. ಆದರೆ ಉಲ್ಟಾ ದಿಕ್ಕಿನಲ್ಲಿ ಬರುತ್ತಿವೆ, ಅನೋಡಿನಿಂದ ಕ್ಯಾಥೋಡಿಗೆ. ಕ್ಯಾಥೋಡಿನ ಸೀಸಿಯಂ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಅನೋಡಿನ ಮೇಲೂ ಕೂರುತ್ತದೆ. ಬೆಳಕು ಅನೋಡಿನ ಮೇಲೆ ಬಿದ್ದರೆ, ಅಥವಾ ಕ್ಯಾಥೋಡಿನಿಂದ ಪ್ರತಿಫಲಿಸಿ ಬಿದ್ದರೆ, ಅಲ್ಲಿಂದಲೂ ಎಲೆಕ್ಟ್ರಾನ್ ಹೊರಡುತ್ತವೆ. ಕ್ಯಾಥೋಡಿನ ಎಲೆಕ್ಟ್ರಾನನ್ನು ತಡೆಯುವ ವೋಲ್ಟೇಜೇ ಅನೋಡಿನ ಎಲೆಕ್ಟ್ರಾನನ್ನು ಮುಂದಕ್ಕೆ ತಳ್ಳುತ್ತದೆ. ಒಂದಕ್ಕೆ ಖರ್ಚು, ಇನ್ನೊಂದಕ್ಕೆ ಜಮೆ. ಮೀಟರ್ ತೋರಿಸುವ ಸೊನ್ನೆ ಎಂದರೆ ಎಲೆಕ್ಟ್ರಾನುಗಳು ನಿಂತವು ಅಂತಲ್ಲ, ಹೋದವೂ ಬಂದವೂ ಸಮನಾದವು ಅಂತ. ಕ್ಯಾಥೋಡಿನ ಅತಿ ವೇಗದ ಎಲೆಕ್ಟ್ರಾನುಗಳು ಆಗಲೂ ದಾಟುತ್ತಿರುತ್ತವೆ. ಹಾಗಾಗಿ ಸೊನ್ನೆ ಬೇಗ ಬಂದುಬಿಡುತ್ತದೆ. ಅನೋಡಿನಿಂದ ಎಲೆಕ್ಟ್ರಾನ್ ಎಬ್ಬಿಸೋಕೆ ನೀಲಿ ಬೆಳಕು ಕೆಂಪಿಗಿಂತ ಸಾಮಾನ್ಯವಾಗಿ ಗಟ್ಟಿ. ಅದಕ್ಕೆ ನೀಲಿ ತುದಿಯೇ ಜಾಸ್ತಿ ಕುಗ್ಗುತ್ತದೆ.

ಇದನ್ನು ಉಳಿದ ದೋಷಗಳಿಂದ ಬೇರೆ ಮಾಡುವ ಪರೀಕ್ಷೆ ನನಗೆ ಬಹಳ ಇಷ್ಟ. ದೀಪವನ್ನು 20 ಸೆಂಟಿಮೀಟರಿನಿಂದ 28 ಸೆಂಟಿಮೀಟರಿಗೆ ಸರಿಸಿ. ಬೆಳಕು ಹತ್ತಿರ ಹತ್ತಿರ ಅರ್ಧವಾಗುತ್ತದೆ. ದೀಪದ ವೋಲ್ಟೇಜ್ ಇಳಿಸಿ ಮಂಕು ಮಾಡಬೇಡಿ, ಹಾಗೆ ಮಾಡಿದರೆ ಬಣ್ಣವೇ ಕೆಂಪಿಗೆ ತಿರುಗುತ್ತದೆ. ಈಗ ಸೊನ್ನೆ ಎಲ್ಲಿ ಬಂತು ನೋಡಿ.

ಬೆಳಕು ಅರ್ಧವಾದರೆ ಎಲೆಕ್ಟ್ರಾನುಗಳ ಸಂಖ್ಯೆ ಅರ್ಧವಾಗುತ್ತದೆ, ಒಂದೊಂದರ ಶಕ್ತಿ ಹಾಗೇ ಇರುತ್ತದೆ. 1902ರಲ್ಲಿ ಭೌತವಿಜ್ಞಾನಿ ಲೆನಾರ್ಡ್ ಕಂಡದ್ದು ಇದನ್ನೇ. ಬೆಳಕನ್ನು ಬರೀ ಅಲೆ ಅಂದುಕೊಂಡವರಿಗೆ ಇದು ಅರ್ಥವಾಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ವಿವರಣೆಯೇ ನಾವು ಮೇಲೆ ಬರೆದ ಶಕ್ತಿಯ ಲೆಕ್ಕ. ಹಾಗಾಗಿ ಸೊನ್ನೆಯ ಜಾಗ ಅಲುಗಬಾರದು. ಅಲುಗಿದರೆ ದೀಪದ ಜೊತೆ ಬದಲಾಗದ ಯಾವುದೋ ಕರೆಂಟ್ ಒಳಗೆ ಸೇರಿದೆ. ಸೋರಿಕೆ, ಝೀರೋ ದೋಷ, ಕೋಣೆಯ ಬೆಳಕು, ಈ ಮೂರರಲ್ಲಿ ಒಂದು. ಅಲುಗದೇ ಇದ್ದೂ ಸ್ಲೋಪ್ ತಪ್ಪಿದ್ದರೆ ಅನೋಡಿನ ಉಲ್ಟಾ ಕರೆಂಟಿನ ಮೇಲೆ ಅನುಮಾನ ಪಡಿ. ಅದೂ ದೀಪದಿಂದಲೇ ಬರುವುದರಿಂದ ಬೆಳಕು ಅರ್ಧವಾದಾಗ ಅದೂ ಅರ್ಧವಾಗುತ್ತದೆ. ಎರಡೂ ಕಡೆ ಸಮ ಇಳಿದರೆ ಸೊನ್ನೆಯ ಜಾಗ ಎಲ್ಲಿತ್ತೋ ಅಲ್ಲೇ. "ಇಂಟೆನ್ಸಿಟಿ ಬದಲಿಸಿದರೂ ಸ್ಟಾಪಿಂಗ್ ವೋಲ್ಟೇಜ್ ಬದಲಾಗಲಿಲ್ಲ, ಆದ್ದರಿಂದ ಕಿಟ್ಟು ಸರಿ ಇದೆ" ಅಂತ ಬರೆದುಬಿಡುವವರು ಇದನ್ನು ಗಮನಿಸಬೇಕು.

ಪರಿಹಾರ ಎರಡು. ಕಿಂಡಿಯ ಮುಂದೆ ಕಪ್ಪು ಕಾಗದದಲ್ಲಿ ಸಣ್ಣ ತೂತು ಮಾಡಿ ಅಂಟಿಸಿ, ಬೆಳಕು ಕ್ಯಾಥೋಡಿನ ಮೇಲೆ ಮಾತ್ರ, ಅನೋಡ್ ತಂತಿಯ ಪಕ್ಕದಲ್ಲಿ ಬೀಳುವ ಹಾಗೆ ಹೊಂದಿಸಿ. ಉಲ್ಟಾ ಕರೆಂಟ್ ಕಮ್ಮಿಯಾಗುವವರೆಗೆ ತೂತನ್ನು ಅತ್ತಿತ್ತ ಸರಿಸಿ ನೋಡಿ. ಎರಡನೆಯದು, ಸೊನ್ನೆ ದಾಟುವ ಜಾಗ ಬಿಟ್ಟು ಬಾಗುವ ಜಾಗ ಹಿಡಿಯುವುದು. ಮೈನಸ್ 3 ವೋಲ್ಟ್ ತನಕ ಪೂರ್ತಿ ರೀಡಿಂಗ್ ತೆಗೆದು ಕರೆಂಟ್–ವೋಲ್ಟೇಜ್ ಗ್ರಾಫ್ ಎಳೆಯಿರಿ. ಉಲ್ಟಾ ಕರೆಂಟಿನ ಚಪ್ಪಟೆ ಗೆರೆಯಿಂದ ಕರ್ವ್ ಎಲ್ಲಿ ಮೊದಲು ಮೇಲೇಳುತ್ತದೋ ಅಲ್ಲಿ ಕ್ಯಾಥೋಡಿನ ಎಲೆಕ್ಟ್ರಾನುಗಳು ದಾಟಲು ಶುರು ಮಾಡಿವೆ. ಸ್ಟಾಪಿಂಗ್ ವೋಲ್ಟೇಜ್ ಅದೇ. ಕಣ್ಣಂದಾಜು ಬೇಕಾಗುತ್ತದೆ, ನಿಜ. ಆದರೂ ತಪ್ಪು ಜಾಗದ ಖಚಿತ ಸಂಖ್ಯೆಗಿಂತ ಸರಿಯಾದ ಜಾಗದ ಅಂದಾಜು ಮೇಲು. ಎಲ್ಲ ಫಿಲ್ಟರಿಗೂ ಒಂದೇ ಕ್ರಮ ಅನುಸರಿಸಿ. ಒಂದಕ್ಕೆ ಸೊನ್ನೆ, ಒಂದಕ್ಕೆ ಬಾಗು ಅಂತ ಬೆರೆಸಿದರೆ ಸ್ಲೋಪ್ ಹಾಳು.

ಸ್ಲೋಪ್ ಸರಿ, ವರ್ಕ್ ಫಂಕ್ಷನ್ ತಪ್ಪು

ಕೆಲವರಿಗೆ ಪ್ಲಾಂಕ್ ಸ್ಥಿರಾಂಕ ಚೆನ್ನಾಗಿ ಬರುತ್ತದೆ, ಇಂಟರ್‌ಸೆಪ್ಟಿನಿಂದ ಬಂದ ವರ್ಕ್ ಫಂಕ್ಷನ್ ಮಾತ್ರ ಪುಸ್ತಕದ ಜೊತೆ ಹೊಂದಲ್ಲ. ಇದಕ್ಕೆ ಕಿಟ್ಟನ್ನು ಬಿಚ್ಚಬೇಡಿ. ಇಲ್ಲಿ ತಪ್ಪಿರುವುದು ಇಂಟರ್‌ಸೆಪ್ಟಿಗೆ ನಾವು ಕೊಡುವ ಅರ್ಥ.

ಬೇರೆ ಬೇರೆ ವರ್ಕ್ ಫಂಕ್ಷನ್ ಇರುವ ಎರಡು ಲೋಹಗಳನ್ನು ತಂತಿಯಿಂದ ಜೋಡಿಸಿದರೆ, ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಅವುಗಳ ಹೊರಮೈಗಳ ನಡುವೆ ಒಂದು ವೋಲ್ಟೇಜ್ ಇದ್ದೇ ಇರುತ್ತದೆ. ಅದೇ ಕಾಂಟ್ಯಾಕ್ಟ್ ಪೊಟೆನ್ಶಿಯಲ್. ಅದರ ಬೆಲೆ ಎರಡು ವರ್ಕ್ ಫಂಕ್ಷನ್‌ಗಳ ವ್ಯತ್ಯಾಸ. ಎಲೆಕ್ಟ್ರಾನ್ ಹಾರುವುದು ಹೊರಮೈಯಿಂದ ಹೊರಮೈಗೆ. ಹಾಗಾಗಿ ಅದು ಎದುರಿಸುವುದು ಮೀಟರಿನ ವೋಲ್ಟೇಜ್ ಮತ್ತು ಈ ಕಾಣದ ವೋಲ್ಟೇಜ್ ಎರಡನ್ನೂ. ಲೆಕ್ಕ ಈಗ ಹೀಗೆ:

ಫೋಟಾನ್ ಶಕ್ತಿ − ಕ್ಯಾಥೋಡಿನ ವರ್ಕ್ ಫಂಕ್ಷನ್ = ಚಾರ್ಜ್ × ಮೀಟರ್ ವೋಲ್ಟೇಜ್ + ಅನೋಡಿನ ವರ್ಕ್ ಫಂಕ್ಷನ್ − ಕ್ಯಾಥೋಡಿನ ವರ್ಕ್ ಫಂಕ್ಷನ್

ಎರಡೂ ಕಡೆ ಇರುವ ಕ್ಯಾಥೋಡಿನದು ಹೊಡೆದುಹೋಯಿತು. ಉಳಿದದ್ದು ಅನೋಡಿನ ವರ್ಕ್ ಫಂಕ್ಷನ್! ಅಂದರೆ ಗ್ರಾಫಿನ ಇಂಟರ್‌ಸೆಪ್ಟ್ ಹೇಳೋದು ಎಲೆಕ್ಟ್ರಾನ್ ಹೊರಟ ಲೋಹದ ಬಗ್ಗೆ ಅಲ್ಲ, ತಲುಪಬೇಕಿದ್ದ ಲೋಹದ ಬಗ್ಗೆ. ಸ್ಲೋಪಿಗೆ ಏನೂ ಆಗಲ್ಲ, ಯಾಕಂದರೆ ಅನೋಡಿನ ವರ್ಕ್ ಫಂಕ್ಷನ್ ಎಲ್ಲ ಫಿಲ್ಟರಿಗೂ ಒಂದೇ.

ಇದರಿಂದ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. ಅನೋಡ್ ಶುದ್ಧ ನಿಕ್ಕಲ್ ಅಂದುಕೊಳ್ಳಿ, ವರ್ಕ್ ಫಂಕ್ಷನ್ ಸುಮಾರು 5 ಎಲೆಕ್ಟ್ರಾನ್ ವೋಲ್ಟ್. ನೀಲಿಯ 2.7ರಿಂದ 5 ಕಳೆದರೆ ಮೈನಸ್ 2.3. ಅಂದರೆ ಮೀಟರಿನಲ್ಲಿ ಅನೋಡ್ 2.3 ವೋಲ್ಟ್ ಪಾಸಿಟಿವ್ ಇದ್ದಾಗಲೇ ಎಲೆಕ್ಟ್ರಾನ್ ನಿಂತುಬಿಡಬೇಕಿತ್ತು! ನಮ್ಮ ಕಿಟ್ಟುಗಳಲ್ಲಿ ಹಾಗಾಗಲ್ಲ, ಅನೋಡನ್ನು ನೆಗೆಟಿವ್ ಮಾಡಿಯೇ ನಿಲ್ಲಿಸಬೇಕು. ಹಾಗಿದ್ದರೆ ಅನೋಡಿನ ಹೊರಮೈಯ ವರ್ಕ್ ಫಂಕ್ಷನ್ 2ರ ಆಸುಪಾಸಿಗೆ ಇಳಿದಿದೆ. ಇಳಿಸಿದ್ದು ಅದರ ಮೇಲೆ ಕೂತ ಸೀಸಿಯಂ, ಉಲ್ಟಾ ಕರೆಂಟ್ ಕೊಟ್ಟು ನಮ್ಮನ್ನು ಸತಾಯಿಸಿದ ಅದೇ ಸೀಸಿಯಂ. ಹೊಸ ಟ್ಯೂಬಿಗೂ ಹಳೆ ಟ್ಯೂಬಿಗೂ ಇಂಟರ್‌ಸೆಪ್ಟ್ ಬೇರೆ ಬರುವುದು ಸಹಜ.

ಇದನ್ನೆಲ್ಲ ನೂರು ವರ್ಷದ ಹಿಂದೆಯೇ ಪಟ್ಟು ಹಿಡಿದು ಬಗೆಹರಿಸಿದವರು ಅಮೆರಿಕದ ಭೌತವಿಜ್ಞಾನಿ ಮಿಲಿಕನ್. ಶಿಕಾಗೊದಲ್ಲಿ ಅವರು ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ಲೋಹಗಳ ಮೇಲ್ಮೈಯನ್ನು ನಿರ್ವಾತದ ಒಳಗೇ ತಿರುಗುವ ಅಲಗಿನಿಂದ ಕೆರೆದು ಹೊಸದು ಮಾಡುತ್ತಿದ್ದರು. ಎಲೆಕ್ಟ್ರಾನ್ ಹಿಡಿಯುವ ಕಡೆ ಆಕ್ಸೈಡ್ ಹಿಡಿದ ತಾಮ್ರ ಇಟ್ಟಿದ್ದರು, ಅವರು ಬಳಸಿದ ಬೆಳಕಿನ ಬಹುಪಾಲಿಗೆ ಅದು ಎಲೆಕ್ಟ್ರಾನ್ ಬಿಡುತ್ತಿರಲಿಲ್ಲ. ಉಲ್ಟಾ ಕರೆಂಟಿನ ಕಾಟ ಅಲ್ಲೇ ತೀರಿತು. ಕಾಂಟ್ಯಾಕ್ಟ್ ಪೊಟೆನ್ಶಿಯಲನ್ನು ಅದೇ ಟ್ಯೂಬಿನಲ್ಲಿ ಬೇರೆಯಾಗಿ ಅಳೆದು ಸೇರಿಸಿಕೊಂಡರು. ಫಿಲ್ಟರ್ ಹಾಕಿದ ಬಲ್ಬಿನ ಬದಲು ಪಾದರಸದ ಗೆರೆಗಳನ್ನು ಬಳಸಿದರು. 1916ರಲ್ಲಿ ಅವರು ಕೊಟ್ಟ ಬೆಲೆ ಇಂದಿನ ಲೆಕ್ಕದಲ್ಲಿ 6.57 × 10⁻³⁴. ಈಗಿನದಕ್ಕಿಂತ ಶೇಕಡಾ 1ರಷ್ಟೂ ದೂರ ಇಲ್ಲ. ಐನ್‌ಸ್ಟೈನರ ಫೋಟಾನ್ ಕಲ್ಪನೆಯನ್ನು ಮಾತ್ರ ಆಗ ಅವರು ಒಪ್ಪಿರಲಿಲ್ಲ ಅನ್ನೋದು ತಮಾಷೆಯ ಸಂಗತಿ.

ಉಪಕರಣ ಸರಿ, ಲೆಕ್ಕ ತಪ್ಪು

ಉತ್ತರದ ಘಾತ ನೋಡಿದರೇ ಕೆಲವು ತಪ್ಪು ಸಿಕ್ಕಿಬೀಳುತ್ತವೆ. 4.1 × 10⁻¹⁵ ಬಂದರೆ ಸ್ಲೋಪನ್ನು ಎಲೆಕ್ಟ್ರಾನ್ ಚಾರ್ಜಿನಿಂದ ಗುಣಿಸಿಲ್ಲ. 6.6 × 10⁻²⁰ ಬಂದರೆ ಗ್ರಾಫಿನ ಅಡ್ಡ ಅಕ್ಷದ 10¹⁴ ಮರೆತುಹೋಗಿದೆ. 6.6 × 10⁻²⁵ ಬಂದರೆ ನ್ಯಾನೋಮೀಟರನ್ನು ಮೀಟರಿಗೆ ಬದಲಿಸಿಲ್ಲ. ಈ ಮೂರರಲ್ಲೂ ಪ್ರಯೋಗ ಚೆನ್ನಾಗೇ ಆಗಿದೆ, ಮತ್ತೆ ಮಾಡೋ ಕಷ್ಟ ತಗೋಬೇಡಿ. ಗ್ರಾಫ್ ಗೆರೆಯಾಗದೆ ಬಾಗಿದ್ದರೆ ಆವೃತ್ತಿಯ ಬದಲು ತರಂಗಾಂತರವನ್ನೇ ಹಾಕಿರಬಹುದು.

ಲೆಕ್ಕದ ಪರೀಕ್ಷೆಗಳಲ್ಲಿ ಇನ್ನೊಂದು ತಪ್ಪು ಜಾಸ್ತಿ. ಸೆಕೆಂಡಿಗೆ 2.0 × 10⁶ ಮೀಟರ್ ವೇಗದ ಎಲೆಕ್ಟ್ರಾನ್ 5 ವೋಲ್ಟ್ ತಡೆಯನ್ನು ದಾಟಿದರೆ ಉಳಿಯುವ ವೇಗ ಎಷ್ಟು? 5 ವೋಲ್ಟಿಗೆ ಸರಿಯಾದ ವೇಗ 1.33 × 10⁶ ಅಂತ ಕಂಡುಹಿಡಿದು, 2.0ರಿಂದ ಕಳೆದು, 0.67 ಅಂತ ಬರೆಯುವವರು ಬೇಕಾದಷ್ಟು ಜನ. ಕಳೆಯಬೇಕಾದದ್ದು ಶಕ್ತಿಯನ್ನು. ಮೊದಲಿಗೆ ಇದ್ದದ್ದು 11.4 ಎಲೆಕ್ಟ್ರಾನ್ ವೋಲ್ಟ್, ಖರ್ಚು 5, ಉಳಿದದ್ದು 6.4. ಅದಕ್ಕೆ ವೇಗ 1.5 × 10⁶. ಅದೇ ವೇಗದ ಪ್ರೋಟಾನನ್ನು ನಿಲ್ಲಿಸೋಕೆ ಸುಮಾರು 20,900 ವೋಲ್ಟ್ ಬೇಕು, ಅದೂ ದಿಕ್ಕು ಉಲ್ಟಾ, ಯಾಕಂದರೆ ಅದರ ಚಾರ್ಜ್ ಪಾಸಿಟಿವ್. ಆಲ್ಫಾ ಕಣಕ್ಕೆ ದ್ರವ್ಯರಾಶಿ ನಾಲ್ಕು ಪಟ್ಟು, ಚಾರ್ಜ್ ಎರಡು ಪಟ್ಟು. ಹಾಗಾಗಿ ಬೇಕಾದ ವೋಲ್ಟೇಜ್ ನಾಲ್ಕು ಪಟ್ಟಲ್ಲ, ಎರಡೇ ಪಟ್ಟು, ಸುಮಾರು 41,500.

ಪಕ್ಕದ ಟೇಬಲ್ಲಿನ ಫ್ರಾಂಕ್–ಹರ್ಟ್ಸ್ ಪ್ರಯೋಗಕ್ಕೂ ಇದೇ ದಾರಿ. 1914ರಲ್ಲಿ ಅವರಿಬ್ಬರು ತೋರಿಸಿದಂತೆ ಎಲೆಕ್ಟ್ರಾನ್ ಪಾದರಸದ ಪರಮಾಣುವಿಗೆ 4.9 ಎಲೆಕ್ಟ್ರಾನ್ ವೋಲ್ಟ್ ಕೊಟ್ಟು ನಿಧಾನವಾಗುತ್ತದೆ. ಹಾಗಾಗಿ ವೋಲ್ಟೇಜ್ ಏರಿಸಿದಂತೆ ಕರೆಂಟ್ ಏರಿ ಇಳಿದು ಶಿಖರಗಳಾಗುತ್ತವೆ. ಆದರೆ ನಿಮ್ಮ ಮೊದಲ ಶಿಖರ 4.9 ವೋಲ್ಟಿನಲ್ಲಿ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಅಲ್ಲೂ ಕಾಂಟ್ಯಾಕ್ಟ್ ಪೊಟೆನ್ಶಿಯಲ್ ಇದೆ, ಎಲ್ಲ ಶಿಖರಗಳನ್ನೂ ಒಂದೇ ಸಮ ಜರುಗಿಸುತ್ತದೆ. ಶಿಖರದಿಂದ ಶಿಖರಕ್ಕೆ ಇರುವ ಅಂತರ ಅಳೆಯಿರಿ. ಅದು 4.9ರ ಹತ್ತಿರ ಬಂದರೆ ಟ್ಯೂಬ್ ಚೆನ್ನಾಗಿದೆ. ಶಿಖರಗಳೇ ಕಾಣದಿದ್ದರೆ ಮೊದಲು ಟ್ಯೂಬನ್ನು ಬಿಸಿಮಾಡುವ ಒವನ್ನಿನ ಉಷ್ಣತೆ ನೋಡಿ. ಪಾದರಸದ ಆವಿ ಸಾಲದಿದ್ದರೆ ಎಲೆಕ್ಟ್ರಾನಿಗೆ ಢಿಕ್ಕಿ ಹೊಡೆಯಲು ಪರಮಾಣುವೇ ಸಿಗಲ್ಲ.